‘ಮಾಂಸ ತಿನ್ನುವ ಬ್ಯಾಕ್ಟೀರಿಯಾ’: ಇಲ್ಲಿ ಮಾಂಸ ಎಂದರೆ ಯಾವುದು?

‘ಮಾಂಸ ತಿನ್ನುವ ಬ್ಯಾಕ್ಟೀರಿಯಾ, 48 ಗಂಟೆಯಲ್ಲಿ ಸಾವು.’ 2024ರ ಜೂನ್‌ನಲ್ಲಿ ಜಪಾನಿನಿಂದ ಬಂದ ಈ ಸುದ್ದಿ ಕನ್ನಡದಲ್ಲೂ ಹರಿದಾಡಿತು. ಓದಿದವರಿಗೆ ಸಹಜವಾಗಿ ಬರುವ ಪ್ರಶ್ನೆ: ಹಾಗಾದರೆ ಕೋಳಿ, ಮೀನು ತಿನ್ನಬಾರದಾ?

ಗೊಂದಲ ಶುರುವಾಗುವುದು ಪದದಿಂದ. ಇಂಗ್ಲಿಷಿನಲ್ಲಿ ‘ಮೀಟ್’ ಎಂದರೆ ತಿನ್ನುವ ಮಾಂಸ. ‘ಫ್ಲೆಶ್’ ಎಂದರೆ ಮೈಯಲ್ಲಿ ಮೂಳೆಯ ಮೇಲಿರುವ ಮೆತ್ತನೆಯ ಭಾಗ. ಮಾವಿನ ಹಣ್ಣಿನ ತಿರುಳಿಗೂ ಇದೇ ಪದ. ಕನ್ನಡದಲ್ಲಿ ಅಂಗಡಿಯಲ್ಲಿ ಸಿಗುವುದೂ ಮಾಂಸ, ಮೈಯಲ್ಲಿರುವುದೂ ಮಾಂಸ. ಫರಂಗಿಪೇಟೆಯಂಥ ಊರಲ್ಲಿ ಇಂಗ್ಲಿಷ್ ಸುದ್ದಿ ಕನ್ನಡಕ್ಕೆ ಬಂದು, ಅಲ್ಲಿಂದ ತುಳು, ಬ್ಯಾರಿ, ಕೊಂಕಣಿ ಮಾತಿಗೆ ದಾಟುತ್ತದೆ. ದಾಟಿದಷ್ಟೂ ಅರ್ಥ ಜಾರುತ್ತದೆ.

‘ತಿನ್ನುವ’ ಎಂಬುದೂ ಸರಿಯಲ್ಲ. ಬ್ಯಾಕ್ಟೀರಿಯಾ ಕಚ್ಚಿ ತಿನ್ನುವುದಿಲ್ಲ. ಅದು ಬಿಡುವ ವಿಷದಿಂದ ಚರ್ಮದ ಅಡಿಯ ಪದರ ಸತ್ತು ಕೊಳೆಯುತ್ತದೆ. ವೈದ್ಯರು ಇದನ್ನು ‘ನೆಕ್ರೊಟೈಸಿಂಗ್ ಫ್ಯಾಸಿಯೈಟಿಸ್’ ಎನ್ನುತ್ತಾರೆ. ‘ಫ್ಲೆಶ್ ಈಟಿಂಗ್’ ಎಂಬ ಹೆಸರು ಮನೆಮಾತಾಗಿದ್ದು 1994ರಲ್ಲಿ, ಬ್ರಿಟನ್ನಿನ ಪತ್ರಿಕೆಗಳ ತಲೆಬರಹಗಳಿಂದ.

ಜಪಾನಿನಲ್ಲಿ ಹೆಚ್ಚಿದ್ದು ಸ್ಟ್ರೆಪ್ಟೊಕಾಕಲ್ ಟಾಕ್ಸಿಕ್ ಶಾಕ್ ಸಿಂಡ್ರೋಮ್. 2024ರ ಜೂನ್ 2ರ ವೇಳೆಗೆ 977 ಪ್ರಕರಣಗಳು ವರದಿಯಾಗಿದ್ದವು. ಇದಕ್ಕೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಬಹುತೇಕರಿಗೆ ಗಂಟಲು ನೋವನ್ನಷ್ಟೇ ತರುತ್ತದೆ. ಅಪರೂಪಕ್ಕೆ ಒಳಗಿಳಿದು ರಕ್ತ ಸೇರಿದಾಗ ಪ್ರಾಣಾಪಾಯ. ಅಂಥ ಕೆಲವರಲ್ಲಿ ಮೈಯ ಭಾಗವೂ ಕೊಳೆಯುತ್ತದೆ.

ಚೆನ್ನಾಗಿ ಬೇಯಿಸಿದ ಕೋಳಿ, ಮೀನಿನಿಂದ ಇದು ಬರುವುದಿಲ್ಲ. ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಒಳಹೋಗುವುದು ಗಾಯದ ಮೂಲಕ. ಹಾಗಾಗಿ ‘ನಾವು ಸಸ್ಯಾಹಾರಿಗಳು, ನಮಗೇನೂ ಆಗದು’ ಎನ್ನುವುದೂ ತಪ್ಪು. ಉಪ್ಪುನೀರಿನಲ್ಲಿರುವ ‘ವಿಬ್ರಿಯೊ ವಲ್ನಿಫಿಕಸ್’ ಕೂಡ ತೆರೆದ ಗಾಯದಿಂದ ಒಳಸೇರಿ ಇಂಥದ್ದೇ ತೊಂದರೆ ಕೊಡಬಲ್ಲದು. ಗಾಯವಿದ್ದಾಗ ಸಮುದ್ರಕ್ಕೆ, ಅಳಿವೆಯ ನೀರಿಗೆ ಇಳಿಯಬೇಡಿ. ಸಕ್ಕರೆ ಕಾಯಿಲೆ, ಲಿವರ್ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು.

ನೆನಪಿಡಬೇಕಾದ ಲಕ್ಷಣಗಳು: ಗಾಯ ಚಿಕ್ಕದಿದ್ದರೂ ತಡೆಯಲಾರದ ನೋವು, ಗಂಟೆಗಂಟೆಗೂ ಹರಡುವ ಕೆಂಪು ಮತ್ತು ಊತ, ಜೊತೆಗೆ ಜ್ವರ. ಹೀಗಾದರೆ ಮನೆಮದ್ದು ಹಚ್ಚಿ ಬೆಳಗಿನವರೆಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಸತ್ತ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಆಂಟಿಬಯಾಟಿಕ್ ಕೊಡುತ್ತಾರೆ. ಇಲ್ಲಿ ಒಂದೊಂದು ಗಂಟೆಯೂ ಮುಖ್ಯ.

ಮುಂದಿನ ಸಲ ಇಂಥ ಸಂದೇಶ ಬಂದರೆ ‘ಕೋಳಿ ತಿನ್ನಬೇಡಿ’ ಎಂದು ಸೇರಿಸಿ ಕಳಿಸಬೇಡಿ. ಈ ಲಕ್ಷಣಗಳನ್ನು ಕಳಿಸಿ. ಅದರಿಂದ ಒಬ್ಬರ ಜೀವ ಉಳಿಯಬಹುದು.