ಅಂಗುಳದ ಗಂಟು: ತೆಗೆಸಲೇಬೇಕೇ?

ಪ್ರಶ್ನೆ: ನನಗೆ 43 ವರ್ಷ. ವುಝೂ ಮಾಡಿ ಬಾಯಿ ಮುಕ್ಕಳಿಸುವಾಗ ಅಂಗುಳದ ನಡುವೆ ಗಟ್ಟಿಯಾದ ಗಂಟೊಂದು ನಾಲಗೆಗೆ ತಾಗುತ್ತದೆ. ನೋವಿಲ್ಲ. ಕ್ಯಾನ್ಸರ್ ಇರಬಹುದೆಂದು ನೆರೆಯವರು ಹೇಳಿದಂದಿನಿಂದ ನಿದ್ದೆ ಬರುತ್ತಿಲ್ಲ. ನನ್ನ ತಾಯಿಗೆ ಕೆಳದವಡೆಯ ಒಳಬದಿಯಲ್ಲಿ ಇಂತಹುದೇ ಗಂಟುಗಳಿವೆ. ಹಲ್ಲಿನ ಸೆಟ್ ಕೂರಿಸಬೇಕಾದರೆ ಅವನ್ನು ತೆಗೆಯಬೇಕೆಂದು ವೈದ್ಯರು ಹೇಳಿದ್ದಾರೆ. ಹಾಗಾದರೆ ನನ್ನದನ್ನೂ ತೆಗೆಸಬೇಕೇ?
- ಓರ್ವ ಸಹೋದರಿ, ತ್ಯಾವರೆಕೊಪ್ಪ

ಉತ್ತರ: ಸಹೋದರಿ, ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಅದು ಎಲುಬಿನದೇ ಬೆಳವಣಿಗೆ ಆಗಿರುವ ಸಾಧ್ಯತೆ ಹೆಚ್ಚು. ವೈದ್ಯರು ಇದನ್ನು ಟೋರಸ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ಬದಲಾಗುವಂತಹದೂ ಅಲ್ಲ.

ಟೋರಸ್ ಸಾಮಾನ್ಯವಾಗಿ ಎರಡು ಕಡೆ ಕಾಣಿಸುತ್ತದೆ. ಒಂದು, ಅಂಗುಳದ ನಟ್ಟನಡುವೆ. ಇದು ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಇನ್ನೊಂದು, ಕೆಳದವಡೆಯಲ್ಲಿ ನಾಲಗೆಯ ಕಡೆಗೆ. ಇದು ಹೆಚ್ಚಾಗಿ ಎರಡೂ ಬದಿಗಳಲ್ಲಿ ಇರುತ್ತದೆ. ಮುಟ್ಟಿದರೆ ಕಲ್ಲಿನಂತೆ ಗಟ್ಟಿ, ಅಲುಗಾಡುವುದಿಲ್ಲ, ಮೇಲಿನ ಚರ್ಮ ಬಾಯಿಯ ಉಳಿದ ಭಾಗದಂತೆಯೇ ಇರುತ್ತದೆ. ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವುದರಿಂದ ಅನೇಕರಿಗೆ ಇದ್ದುದೇ ತಿಳಿದಿರುವುದಿಲ್ಲ. ತಾಯಿಗೆ ಇದ್ದರೆ ಮಕ್ಕಳಲ್ಲಿ ಕಾಣಿಸುವುದುಂಟು. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವೂ ಒಂದು ಕಾರಣವಿರಬಹುದು.

ತೊಂದರೆ ಕೊಡದ ಗಂಟನ್ನು ಹಾಗೆಯೇ ಬಿಡುವುದು ಸರಿ. ಆದರೆ ನಿಮ್ಮ ತಾಯಿಯವರ ವಿಷಯ ಬೇರೆ. ಸೆಟ್ಟಿನ ಅಂಚು ಗಂಟಿನ ಮೇಲೆ ಕುಳಿತರೆ ತೆಳ್ಳಗಿನ ಚರ್ಮ ಉಜ್ಜಿ ಹುಣ್ಣಾಗುತ್ತದೆ, ಸೆಟ್ಟೂ ನಿಲ್ಲುವುದಿಲ್ಲ. ಆದ್ದರಿಂದ ಅವರ ವೈದ್ಯರ ಸಲಹೆ ಸರಿಯಾದುದೇ. ಇದಲ್ಲದೆ ಬಿಸಿ ಅಥವಾ ಗಟ್ಟಿ ಆಹಾರದಿಂದ ಪದೇ ಪದೇ ಗಾಯವಾದರೆ, ಮಾತಿಗೆ ಅಥವಾ ನುಂಗಲು ಅಡ್ಡಿಯಾದರೆ, ಸುತ್ತ ಆಹಾರ ಸಿಕ್ಕಿಕೊಂಡು ಸ್ವಚ್ಛಗೊಳಿಸಲು ಆಗದಿದ್ದರೆ ತೆಗೆಸಬಹುದು. ಆ ಜಾಗ ಮಾತ್ರ ಮರಗಟ್ಟುವಂತೆ ಚುಚ್ಚುಮದ್ದು ಕೊಟ್ಟು, ಚರ್ಮ ಬಿಡಿಸಿ, ಎಲುಬನ್ನು ಸಮಮಾಡಿ ಹೊಲಿಗೆ ಹಾಕುತ್ತಾರೆ. ಇದು ಅವಸರದ ಚಿಕಿತ್ಸೆಯಲ್ಲ. ರಮಝಾನ್ ಹತ್ತಿರವಿದ್ದರೆ ಈದ್ ಕಳೆದ ಮೇಲೆ ಮಾಡಿಸಿಕೊಂಡರೂ ಅಡ್ಡಿಯಿಲ್ಲ.

ಒಂದು ಎಚ್ಚರಿಕೆ. ನಿಮ್ಮ ತಾಯಿಯವರು ಮೂಳೆ ಸವೆತಕ್ಕೆ ಅಲೆಂಡ್ರೊನೇಟ್‌ನಂತಹ ಮಾತ್ರೆ ಅಥವಾ ಅದೇ ಬಗೆಯ ಚುಚ್ಚುಮದ್ದು ಪಡೆಯುತ್ತಿದ್ದರೆ ದಂತವೈದ್ಯರಿಗೆ ಮೊದಲೇ ತಿಳಿಸಿ. ಈ ಔಷಧಿಗಳಿಂದ ಕೆಲವರಲ್ಲಿ ದವಡೆಯ ಗಾಯ ಮಾಯದೆ ಎಲುಬು ಹೊರಗೆ ಕಾಣುವುದುಂಟು. ಮಧುಮೇಹ ಹಾಗೂ ರಕ್ತ ತೆಳುಮಾಡುವ ಮಾತ್ರೆಯ ವಿಷಯವನ್ನೂ ಮುಚ್ಚಿಡಬಾರದು.

ಇನ್ನು ನಿಮ್ಮ ಭಯದ ವಿಷಯ. ಅಡಿಕೆ ಬೆಳೆಯುವ ನಮ್ಮ ಶಿವಮೊಗ್ಗ ಸೀಮೆಯಲ್ಲಿ ಎಲೆಅಡಿಕೆ ಮನೆಮನೆಯಲ್ಲೂ ಇದೆ. ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದರೂ ಅಡಿಕೆಗೆ ತಂಬಾಕು ಬೆರೆಸಿ ಜಗಿಯುವ ಚಟ ನಿಂತಿಲ್ಲ. ನೋವಿಲ್ಲ ಎಂದ ಮಾತ್ರಕ್ಕೆ ಬಾಯಿಯ ಎಲ್ಲ ಗಂಟುಗಳನ್ನೂ ಎಲುಬೆಂದು ತಿಳಿದು ಸುಮ್ಮನಿರುವಂತಿಲ್ಲ. ಕ್ಯಾನ್ಸರ್ ಕೂಡ ಆರಂಭದಲ್ಲಿ ನೋಯುವುದಿಲ್ಲ. ಎರಡು-ಮೂರು ವಾರಗಳಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬೇಗನೆ ದೊಡ್ಡದಾಗುವ ಗಂಟು, ರಕ್ತ ಒಸರುವುದು, ಕಾರಣವಿಲ್ಲದೆ ಹಲ್ಲು ಅಲ್ಲಾಡುವುದು, ಬಾಯಿ ಪೂರ್ತಿ ತೆರೆಯಲಾಗದಿರುವುದು - ಇವುಗಳಲ್ಲಿ ಯಾವುದಿದ್ದರೂ ತಡಮಾಡಬೇಡಿ.

ಪತ್ರ ನೋಡಿ ರೋಗ ನಿರ್ಣಯಿಸಲಾಗದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ದಂತ ವಿಭಾಗದಲ್ಲೋ ಶರಾವತಿ ದಂತ ವೈದ್ಯಕೀಯ ಕಾಲೇಜಿನಲ್ಲೋ ಒಮ್ಮೆ ತೋರಿಸಿ. ಹೆಚ್ಚಿನ ಸಂದರ್ಭಗಳಲ್ಲಿ ವೈದ್ಯರಿಗೆ ಕಣ್ಣಲ್ಲಿ ನೋಡಿ ಬೆರಳಿನಿಂದ ಮುಟ್ಟಿದರೆ ಸಾಕು, ಸಂದೇಹವಿದ್ದರೆ ಎಕ್ಸ್‌ರೇ ತೆಗೆಸುತ್ತಾರೆ. ಮಹಿಳಾ ವೈದ್ಯರೇ ಬೇಕೆಂದು ಕೇಳಲು ಸಂಕೋಚ ಬೇಡ.

ಪ್ರವಾದಿ(ಸ)ರು ಮಿಸ್ವಾಕ್‌ಗೆ ಎಷ್ಟು ಮಹತ್ವ ಕೊಟ್ಟಿದ್ದರೆಂಬುದು ನಮಗೆಲ್ಲ ತಿಳಿದಿದೆ. ದಿನಕ್ಕೆ ಐದು ಬಾರಿ ಬಾಯಿ ಮುಕ್ಕಳಿಸುವ ನಾವು ತಿಂಗಳಿಗೊಮ್ಮೆ ಕನ್ನಡಿಯೆದುರು ನಿಂತು ಬಾಯಿಯೊಳಗನ್ನು ನೋಡಿಕೊಳ್ಳುವುದು ಕಷ್ಟವೇನಲ್ಲ.