ಪ್ರಾಣಾಪಾಯವಿಲ್ಲ ಅಂದರೆ ಏನೂ ಆಗಿಲ್ಲವೇ?

ಮಳೆಗಾಲ ಬಂತೆಂದರೆ ಪುತ್ತೂರು, ಸುಳ್ಯ, ಕಡಬದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸುದ್ದಿ ಬಂದೇ ಬರುತ್ತದೆ: ಮದ್ದು ಬಿಡಲು ಅಡಿಕೆ ಮರ ಹತ್ತಿದವರು ಜಾರಿ ಬಿದ್ದರು, ಪ್ರಾಣಾಪಾಯದಿಂದ ಪಾರಾದರು. ನಾವು ಕೈಮುಗಿಯುವ ಚಿಹ್ನೆ ಒತ್ತಿ ಮುಂದೆ ಹೋಗುತ್ತೇವೆ.

‘ಮಾರಣಾಂತಿಕ’ ಅಂದರೆ ಸಾವಿನಲ್ಲಿ ಮುಗಿಯುವುದು. ‘ಮಾರಣಾಂತಿಕವಲ್ಲದ’ ಅಂದರೆ ಸಾವು ಬರಲಿಲ್ಲ, ಅಷ್ಟೇ. ಗಾಯ ಸಣ್ಣದು ಎಂದು ಆ ಪದ ಹೇಳುವುದೇ ಇಲ್ಲ. (ಗಾಯಾಳು ಬದುಕಿದ್ದರೂ ‘ಮಾರಣಾಂತಿಕ ಹಲ್ಲೆ’ ಎಂದು ಬರೆಯುವ ಪತ್ರಿಕೆಯವರ ಅಭ್ಯಾಸ ಇನ್ನೊಂದು ಕಥೆ.)

ಬೆನ್ನುಹುರಿಗೆ ಪೆಟ್ಟಾದವರೂ ಬದುಕುತ್ತಾರೆ. ಆದರೆ ಎಷ್ಟೋ ಜನಕ್ಕೆ ಸೊಂಟದ ಕೆಳಗೆ ಸ್ವಾಧೀನ ಇರುವುದಿಲ್ಲ. ಮೂತ್ರಕ್ಕೆ ಟ್ಯೂಬ್ ಬೇಕು, ಮಗ್ಗುಲು ತಿರುಗಿಸದಿದ್ದರೆ ಬೆನ್ನಲ್ಲಿ ಹುಣ್ಣು. ತಿರುಗಿಸಲು ಮನೆಯಲ್ಲಿ ಒಬ್ಬರು ಇರಲೇಬೇಕು. ಅಲ್ಲಿಗೆ ಇಬ್ಬರ ದುಡಿಮೆ ಹೋಯಿತು.

ಹಲ್ಲೆ ಪ್ರಕರಣಗಳಲ್ಲಿ ಕಾನೂನಿನ ಅಳತೆ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಪ್ರಕಾರ, 15 ದಿನ ತೀವ್ರ ನೋವಿನಲ್ಲಿದ್ದರೆ ಅಥವಾ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದು ಗಂಭೀರ ಗಾಯ. ಮರದಿಂದ ಬಿದ್ದವರ ಸುದ್ದಿಗೂ ಅದೇ ಅಳತೆ ಇರಲಿ. ‘ಪಾರು’ ಎಂದು ಬರೆಯುವ ನಾವು, ತಿಂಗಳು ಕಳೆದ ಮೇಲೆ ಒಮ್ಮೆ ಆ ಮನೆಗೆ ಫೋನ್ ಮಾಡಬೇಕು, ಎದ್ದು ನಡೆಯುತ್ತಿದ್ದಾರಾ ಎಂದು ಕೇಳಬೇಕು.