ಅಂಕಸಮುದ್ರದ ನೀರಿಗೆ ಕಯಾಕ್ ಇಳಿಯುವುದು ಬೇಡ

ಕುಮಟಾದಿಂದ ಊರಿಗೆ ಬಂದಾಗಲೆಲ್ಲ ಹಗರಿಬೊಮ್ಮನಹಳ್ಳಿಯ ಗೆಳೆಯರು ಒಂದು ಮಾತು ಎತ್ತುತ್ತಾರೆ: ‘ಅಲ್ಲಿ ಕಯಾಕ್‌ನಾಗ ಕೂತು ಹಕ್ಕಿ ಫೋಟೊ ತೆಗೀತಿ. ಅಂಥದ್ದೊಂದನ್ನ ನಮ್ಮ ಅಂಕಸಮುದ್ರ ಕೆರಿಗೂ ಬಿಟ್ರ ಹೆಂಗ?’ ಕೇಳುವವರೆಲ್ಲ ಹಕ್ಕಿಗಳ ಮೇಲೆ ಜೀವ ಇಟ್ಟವರೇ. ಕೂಡ್ಲಿಗಿ, ಕೊಟ್ಟೂರಿನಿಂದ ಭಾನುವಾರದ ನಸುಕಿಗೆ ಬೈಕ್ ಹತ್ತಿ ಕೆರೆ ಏರಿಗೆ ಬರುವ ಹುಡುಗರು, ಹರಪನಹಳ್ಳಿಯ ಮೇಷ್ಟರು, ಹಡಗಲಿಯಲ್ಲಿ ಸ್ಟುಡಿಯೊ ಇಟ್ಟವರು. ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ, ಕೆರೆಗೆ ಬೇಡ. ತುಂಗಭದ್ರಾ ಹಿನ್ನೀರಿನ ಲೆಕ್ಕ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಈ ಹೋಲಿಕೆ ಹುಟ್ಟಿದ್ದಕ್ಕೂ ಒಂದು ಕಾರಣವಿದೆ. 2024ರ ಜನವರಿ 31ರಂದು ರಾಮ್ಸರ್ ತಾಣಗಳ ಪಟ್ಟಿಗೆ ಕರ್ನಾಟಕದ ಮೂರು ಜೌಗು ತಾಣಗಳು ಸೇರಿದ ಸುದ್ದಿ ಬಂತು: ಕುಮಟಾದ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ನಮ್ಮ ತಾಲ್ಲೂಕಿನ ಅಂಕಸಮುದ್ರ. ಅದಕ್ಕೆ ಮೊದಲು ರಾಜ್ಯದಲ್ಲಿ ಆ ಗೌರವ ಇದ್ದದ್ದು ರಂಗನತಿಟ್ಟಿಗೆ ಮಾತ್ರ. ನಾನು ನೌಕರಿ ಮಾಡುವ ಊರಿನ ನೀರು, ನಾನು ಹುಟ್ಟಿದ ಊರಿನ ನೀರು ಒಂದೇ ದಿನ ಒಂದೇ ಪಟ್ಟಿಯಲ್ಲಿ! ಅವತ್ತಿನ ಸಂತೋಷ ಇನ್ನೂ ಇಳಿದಿಲ್ಲ. ಆದರೆ ಪಟ್ಟಿ ಒಂದೇ ಆದರೂ ಅಳತೆ ಒಂದೇ ಅಲ್ಲ. ಅಘನಾಶಿನಿಯ ತಾಣ 4,801 ಹೆಕ್ಟೇರ್. ಅಂಕಸಮುದ್ರ 99 ಹೆಕ್ಟೇರನ್ನೂ ಮುಟ್ಟುವುದಿಲ್ಲ. ಆ ಅಳಿವೆಯೊಳಗೆ ನಮ್ಮ ಕೆರೆಯಂಥವು ನಲವತ್ತೆಂಟು ಹಿಡಿಸುತ್ತವೆ.

ಅಳಿವೆಯಲ್ಲಿ ಕಯಾಕ್ ಯಾಕೆ ಒಗ್ಗುತ್ತದೆ ಎಂದು ಮೊದಲು ಹೇಳಬೇಕು. ಅಘನಾಶಿನಿ ಅಣೆಕಟ್ಟೆ ಕಾಣದ ನದಿ. ದಿನಕ್ಕೆರಡು ಸಲ ಭರತ, ಎರಡು ಸಲ ಇಳಿತ. ಇಳಿತ ಶುರುವಾಗುವ ಹೊತ್ತಿಗೆ ಕಾಂಡ್ಲಾ ಗಿಡಗಳ ಅಂಚಿನಿಂದ ನೀರಿಗಿಳಿದರೆ ಹುಟ್ಟು ಹಾಕುವ ಕೆಲಸವೇ ಕಡಿಮೆ, ನೀರೇ ಒಯ್ಯುತ್ತದೆ. ಕೆಸರಿನ ದಿಬ್ಬಗಳು ಒಂದೊಂದಾಗಿ ಮೇಲೇಳುತ್ತವೆ. ಏಡಿ, ಹುಳ ಹೆಕ್ಕಲು ಹಕ್ಕಿಗಳು ಇಳಿಯುತ್ತವೆ. ಕಯಾಕ್‌ನಲ್ಲಿ ಕೂತವನ ಸೊಂಟ ನೀರಿನ ಮಟ್ಟದಲ್ಲಿರುತ್ತದೆ. ಮೊಣಕೈಯನ್ನು ಮೊಣಕಾಲಿಗೆ ಊರಿದರೆ ಲೆನ್ಸು ನೀರಿನಿಂದ ಎರಡು ಗೇಣು ಮೇಲೆ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ನಮ್ಮ ಕಣ್ಣು ಬರುವುದು ಅಲ್ಲಿ. ಏರಿಯ ಮೇಲೆ ನಿಂತು ತೆಗೆದ ಚಿತ್ರದಲ್ಲಿ ಹಕ್ಕಿಯ ಬೆನ್ನು ಹೆಚ್ಚು, ಮುಖ ಕಡಿಮೆ. ನೀರಿನ ಮಟ್ಟದಿಂದ ತೆಗೆದದ್ದರಲ್ಲಿ ಅದು ತನ್ನ ಆಕಾಶ, ತನ್ನ ದಿಗಂತದ ಜೊತೆಗೆ ನಿಂತಿರುತ್ತದೆ. ಗೆಳೆಯರಿಗೆ ಬೇಕಾಗಿರುವುದು ಇದೇ. ಬಯಕೆಯಲ್ಲಿ ತಪ್ಪೇನೂ ಇಲ್ಲ.

ಆದರೆ ಕಯಾಕ್ ಸದ್ದು ಮಾಡುವುದಿಲ್ಲ, ಆದ್ದರಿಂದ ತೊಂದರೆ ಕೊಡುವುದಿಲ್ಲ ಎಂಬ ನಂಬಿಕೆಯನ್ನು ಆ ಅಳಿವೆಯೇ ನನ್ನಿಂದ ಬಿಡಿಸಿತು. ಇಳಿತದಲ್ಲಿ ಬಳಚು ಹೆಕ್ಕುವ ಹೆಂಗಸರು ಕೆಸರಿನಲ್ಲಿ ಬಗ್ಗಿ ಕೆಲಸ ಮಾಡುತ್ತಿರುತ್ತಾರೆ. ಮಾತಾಡುತ್ತಾರೆ, ನಗುತ್ತಾರೆ, ಬುಟ್ಟಿ ಎಳೆಯುತ್ತಾರೆ. ಅವರ ಆಸುಪಾಸಿನಲ್ಲೇ ಬೆಳ್ಳಕ್ಕಿಗಳು, ಉದ್ದ ಕೊಕ್ಕಿನ ಕಡಲಂಚಿನ ಹಕ್ಕಿಗಳು ಮೇಯುತ್ತವೆ. ಅಷ್ಟೇ ದೂರಕ್ಕೆ ಕಯಾಕ್ ಹೋಗಲಿ, ಸದ್ದೇ ಇಲ್ಲದೆ ಹೋಗಲಿ, ಇಡೀ ಗುಂಪು ಎದ್ದು ಹಾರುತ್ತದೆ. ಆ ಹೆಂಗಸರು ಹಕ್ಕಿಯನ್ನು ನೋಡುತ್ತಿಲ್ಲ. ನಾವು ನೋಡುತ್ತಿರುತ್ತೇವೆ, ನೆಟ್ಟ ನೋಟದಲ್ಲಿ, ನೇರವಾಗಿ ಅದರತ್ತಲೇ ಬರುತ್ತಾ. ಬೇಟೆಯಾಡುವ ಪ್ರಾಣಿ ಬರುವುದೂ ಹಾಗೆಯೇ. ಆದ್ದರಿಂದ ನೇರ ಹೋಗಬಾರದು, ಓರೆಯಾಗಿ ತೇಲಬೇಕು. ಹುಟ್ಟಿನ ಅಲಗು ಬಿಸಿಲಿಗೆ ಮಿಂಚದಂತೆ ತಗ್ಗಿಸಿಡಬೇಕು. ಮೇಯುತ್ತಿದ್ದ ಹಕ್ಕಿ ಕತ್ತೆತ್ತಿ ನಿಂತಿತೆಂದರೆ ಅದು ‘ಸಾಕು’ ಅಂದಂತೆ, ಅಲ್ಲಿಂದ ಹಿಂದಕ್ಕೆ. ಉತ್ತರದ ಶೀತ ನಾಡುಗಳಿಂದ ಹಾರಿಬಂದ ಹಕ್ಕಿಗೆ ಆ ಕೆಸರು ತೆರೆದಿರುವುದು ಕೆಲವೇ ಗಂಟೆ. ಮರುಪ್ರಯಾಣಕ್ಕೆ ಬೇಕಾದ ಕೊಬ್ಬನ್ನು ಆ ಗಂಟೆಗಳಲ್ಲೇ ಕೂಡಿಡಬೇಕು. ನಮ್ಮ ಒಂದು ಚಿತ್ರಕ್ಕಾಗಿ ಅದು ಒಮ್ಮೆ ಸುಮ್ಮನೆ ಹಾರಿದರೆ ಮೇವಿನ ಹೊತ್ತೂ ಹೋಯಿತು, ಮೈಯ ಶಕ್ತಿಯೂ ಹೋಯಿತು.

ಅಳಿವೆಯಲ್ಲಿ ಹಾರಿದ ಹಕ್ಕಿಗೆ ಇನ್ನೊಂದು ದಿಬ್ಬವಾದರೂ ಸಿಗುತ್ತದೆ. ಅಂಕಸಮುದ್ರದಲ್ಲಿ ಎಲ್ಲಿಗೆ ಹೋಗಬೇಕು?

ಶತಮಾನಗಳ ಹಿಂದೆ ನೀರಾವರಿಗೆಂದು ಕಟ್ಟಿದ ಕೆರೆ ಅದು. ಅಂಗಳದ ತುಂಬ ಕರಿಜಾಲಿ, ಬುಡ ನೀರಿನಲ್ಲಿ, ತಲೆ ಹಕ್ಕಿಗಳಲ್ಲಿ. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ, ಇಲ್ಲವೇ ರಾತ್ರಿ ತಂಗುತ್ತವೆ. ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು ಎರಡೂ ಜಗತ್ತಿನ ಲೆಕ್ಕದಲ್ಲಿ ಗಣ್ಯವಾಗುವಷ್ಟು ಇಲ್ಲಿವೆ; ರಾಮ್ಸರ್ ಪಟ್ಟಿಗೆ ಕೆರೆ ಹೋದದ್ದಕ್ಕೆ ಅದೂ ಒಂದು ಆಧಾರ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾದದ್ದೂ ಈ ಹಕ್ಕಿಗಳಿಂದಲೇ. ಗೂಡಿನ ಕಾಲದಲ್ಲಿ ಅಲ್ಲಿ ಕಯಾಕ್ ಬಿಟ್ಟರೆ ಅದು ಯಾವ ದಾರಿ ಹಿಡಿದರೂ ಗೂಡುಗಳ ಕೆಳಗೇ ಹಾಯಬೇಕು.

ನಮ್ಮ ಸೀಮೆಯ ಬಿಸಿಲು ಎಂಥದ್ದು ಎಂದು ನಮಗೆ ಯಾರೂ ಹೇಳಬೇಕಿಲ್ಲ. ಆ ಬಿಸಿಲಲ್ಲಿ ಬಣ್ಣದ ಕೊಕ್ಕರೆ ಗೂಡಿನ ಅಂಚಿಗೆ ನಿಂತು, ರೆಕ್ಕೆ ಅಗಲಿಸಿ, ಮೈಮೇಲೆ ಪುಕ್ಕ ಮೂಡದ ಮರಿಗಳಿಗೆ ನೆರಳು ಮಾಡುತ್ತದೆ. ತಾಸುಗಟ್ಟಲೆ ನಿಲ್ಲುತ್ತದೆ, ತನ್ನ ಬೆನ್ನು ಸುಡುತ್ತಿದ್ದರೂ. ಕೆಳಗೆ ಸದ್ದಿಲ್ಲದೆ ದೋಣಿ ಬಂತೆಂದುಕೊಳ್ಳಿ. ಮೋಟಾರ್ ಸದ್ದಾದರೆ ದೂರದಿಂದಲೇ ಸುಳಿವು ಸಿಗುತ್ತಿತ್ತು. ಇದು ಥಟ್ಟನೆ ಬುಡದಲ್ಲೇ ಪ್ರತ್ಯಕ್ಷ. ತಾಯಿ ಎದ್ದು ಹಾರುತ್ತದೆ, ಒಂದು ಮರ ಎದ್ದರೆ ಪಕ್ಕದ ಮರವೂ ಏಳುತ್ತದೆ. ಮೊಟ್ಟೆ, ಮರಿಗೆ ಹೊಂಚು ಹಾಕಿರುವ ಕಾಗೆಗೆ ಅಷ್ಟು ಹೊತ್ತು ಸಾಕು. ಕಾಗೆ ಬರದಿದ್ದರೆ ಬಿಸಿಲಿದೆ. ಆ ಹೊತ್ತಿಗೆ ತೆಗೆದ ಚಿತ್ರ ಎಷ್ಟೇ ಚೆಂದವಿರಲಿ, ಅದರ ಬೆಲೆ ಕೊಟ್ಟದ್ದು ಮರಿ.

ಕಾನೂನೂ ಇದನ್ನು ಲಘುವಾಗಿ ತೆಗೆದುಕೊಂಡಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂದರೆ ಏನೆಂದು ವಿವರಿಸುವಾಗ ಹಕ್ಕಿಗಳ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನೂ ಅದರೊಳಗೇ ಸೇರಿಸಿದೆ. ಕೋವಿಗೆ ಅನ್ವಯಿಸುವ ಮಾತು ಕ್ಯಾಮೆರಾಕ್ಕೂ ಅನ್ವಯಿಸುತ್ತದೆ. ಗೂಡಿನ ಚಿತ್ರಗಳನ್ನು ಸ್ವೀಕರಿಸದ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಗಳೂ ದೇಶದಲ್ಲಿವೆ. ಬಹುಮಾನದ ಆಸೆಯಿರುವ ಹುಡುಗರಿಗೆ ಈ ಮಾತು ಕಾಯ್ದೆಗಿಂತ ಬೇಗ ನಾಟೀತು.

ಹಾಗಾದರೆ ನೀರಿನ ಮಟ್ಟದ ಚಿತ್ರ ನಮಗೆ ಇಲ್ಲವೇ? ಇದೆ. ಏರಿಯ ಬುಡದಲ್ಲಿ, ಗೂಡುಮರಗಳಿಂದ ದೂರವಾದ ಒಂದು ಮೂಲೆಯಲ್ಲಿ, ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಮರೆಗೂಡು ಕಟ್ಟಲಿ. ಬಿದಿರು ತಡಿಕೆ, ಮೇಲೊಂದಿಷ್ಟು ಜೊಂಡು, ಮಲಗಲು, ಕೂರಲು ಹಲಗೆ, ಲೆನ್ಸು ಹಾಯಲು ಕಿಂಡಿ. ಬೆಳಕು ಹರಿಯುವ ಮೊದಲು ಒಳಗೆ ಹೋದವರು ಬಿಸಿಲೇರುವ ಮೊದಲು ಹೊರಬರಬೇಕು, ನಡುವೆ ಓಡಾಟ ಕೂಡದು. ನಾಮಕೋಳಿ, ನೀರುಕಾಗೆ, ಬಾಯ್ಕಳಕ ತಾವಾಗಿ ಹತ್ತಿರ ಬರುತ್ತವೆ. ಹಕ್ಕಿಯತ್ತ ನಾವು ಹೋಗುವುದಕ್ಕೂ ಹಕ್ಕಿ ನಮ್ಮತ್ತ ಬರುವುದಕ್ಕೂ ಚಿತ್ರದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಎರಡನೆಯದರಲ್ಲಿ ಹಕ್ಕಿಯ ಕತ್ತು ಬಿಗಿದಿರುವುದಿಲ್ಲ. ಪಕ್ಕದ ಸಂಡೂರಿನ ಎಂ.ವೈ. ಘೋರ್ಪಡೆಯವರು, ರಾಜ್ಯದ ಹಣಕಾಸು ಸಚಿವರೂ ಆಗಿದ್ದವರು, ಕಪ್ಪು–ಬಿಳುಪಿನಲ್ಲಿ ತೆಗೆದ ಕಾಡಿನ ಚಿತ್ರಗಳು 1983ರಲ್ಲೇ ಪುಸ್ತಕವಾದವು. ರೀಲಿಗೆ ಮೂವತ್ತಾರು ಚಿತ್ರ ಎಂಬ ಕಾಲದ ಕೆಲಸ. ಆ ತಾಳ್ಮೆ ನಮ್ಮ ಸೀಮೆಗೆ ಹೊರಗಿನದಲ್ಲ.

ಇನ್ನು ಹಿನ್ನೀರು. ತುಂಗಭದ್ರಾ ಜಲಾಶಯ ತುಂಬಿದಾಗ ಅದರ ಹರವು 378 ಚದರ ಕಿಲೋಮೀಟರ್. ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ಹೊಲದ ಬದುವಿನವರೆಗೆ ನೀರು ಬರುತ್ತದೆ. ಮಳೆಗಾಲದಲ್ಲಿ ಏರಿ, ಬೇಸಿಗೆಯ ಹೊತ್ತಿಗೆ ಇಳಿಯುತ್ತದೆ. ಅಳಿವೆಗೆ ದಿನಕ್ಕೆರಡು ಇಳಿತವಾದರೆ ನಮ್ಮ ಹಿನ್ನೀರಿಗೆ ವರ್ಷಕ್ಕೊಂದೇ. ಆ ಇಳಿತ ತೆರೆದಿಟ್ಟ ತೆಳುನೀರಿಗೆ ರಾಜಹಂಸಗಳು ಬಂದು ಕೊಕ್ಕು ತಲೆಕೆಳಗಾಗಿಸಿ ಕೆಸರು ಸೋಸುತ್ತವೆ. ಅವು ರೆಕ್ಕೆ ಬಿಚ್ಚಿದಾಗ ಕಾಣುವ ಗುಲಾಬಿ, ಕಪ್ಪು ಬಣ್ಣಕ್ಕಾಗಿ ದಡದಿಂದ ಓಡಿ ಹೋಗಿ, ಡ್ರೋನ್ ಹಾರಿಸಿ ಗುಂಪನ್ನು ಎಬ್ಬಿಸುವುದು ತಕ್ಷಣ ನಿಲ್ಲಬೇಕು. ಇದರಲ್ಲಿ ರಾಜಿಯ ಪ್ರಶ್ನೆಯೇ ಇಲ್ಲ.

ಆದರೆ ಈ ಹರವಿನಲ್ಲಿ ಸಣ್ಣ ದೋಣಿಗೆ ಜಾಗವಿದೆ, ಮತ್ತು ಆ ದೋಣಿ ನಮ್ಮ ಬಳಿಯೇ ಇದೆ. ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್, ಬೆತ್ತದಲ್ಲಿ ಹೆಣೆದು ತೊಗಲು ಹೊದಿಸಿದ ದುಂಡನೆಯ ದೋಣಿಗಳನ್ನು ಇದೇ ನದಿಯ ಮೇಲೆ ಕಂಡು ಬರೆದಿಟ್ಟಿದ್ದಾನೆ. ತಳ ಚಪ್ಪಟೆ, ಆದ್ದರಿಂದ ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ. ತಳಕ್ಕೇ ಕೂತರೆ ಲೆನ್ಸು ಕಯಾಕ್‌ನಷ್ಟೇ ತಗ್ಗಿಗೆ ಬರುತ್ತದೆ. ಗಿರ್ರನೆ ತಿರುಗುತ್ತದೆ ಎಂಬ ಅಳುಕು ಹೊಸಬರಿಗೆ. ಅಂಬಿಗನ ಕೈಯಲ್ಲಿ ಅದು ನಿಂತಲ್ಲಿ ನಿಲ್ಲುತ್ತದೆ. ಎಲ್ಲಿ ಮುಳುಗಿದ ಮರದ ಬೊಡ್ಡೆಯಿದೆ, ಗಾಳಿ ಯಾವಾಗ ಏಳುತ್ತದೆ, ಹಕ್ಕಿ ಈ ವಾರ ಯಾವ ಕೊಲ್ಲಿಗೆ ಸರಿದಿದೆ ಎಂಬುದೆಲ್ಲ ಬಲೆ ಬಿಡುವ ಬೆಸ್ತರಿಗೆ ಗೊತ್ತು. ಹೊರಗಿನ ಕಂಪನಿ ತಂದಿಳಿಸುವ ಬಣ್ಣದ ಕಯಾಕ್‌ಗೆ ಗೊತ್ತಿಲ್ಲ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ದೋಣಿಯಿಂದ ಹಕ್ಕಿ ಚಿತ್ರ ತೆಗೆಯುವ ಪರಿಪಾಠ ಬೆಳೆದಿರುವಾಗ ನಮ್ಮಲ್ಲೇಕೆ ಆಗಬಾರದು?

ಅರಣ್ಯ ಇಲಾಖೆ, ಮೀನುಗಾರರ ಸಂಘಗಳು, ಹಿನ್ನೀರಿನ ಗ್ರಾಮ ಪಂಚಾಯಿತಿಗಳು ಒಟ್ಟಿಗೆ ಕೂತು ತೀರ್ಮಾನಿಸಬೇಕಾದ ಕೆಲಸ ಇದು. ಬೆಸ್ತರ ಮನೆಯ ಹುಡುಗರಿಗೆ ತರಬೇತಿ, ಗುರುತಿನ ಚೀಟಿ. ಹತ್ತಿದ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್. ರಾಜಹಂಸದ ಗುಂಪಿನಿಂದ ನೂರು ಮೀಟರ್ ದೂರ. ಬೆಳಗಿನ ಹೊತ್ತು ಮಾತ್ರ, ಒಂದು ಕೊಲ್ಲಿಗೆ ಒಂದೇ ಹರಿಗೋಲು. ‘ಇನ್ನಷ್ಟು ಹತ್ತಿರ’ ಎಂದು ಎಷ್ಟೇ ದುಡ್ಡು ತೋರಿಸಿದರೂ ‘ಇಲ್ಲ ಸಾರ್’ ಎಂದು ಹರಿಗೋಲು ತಿರುಗಿಸುವ ಅಧಿಕಾರ ಅಂಬಿಗನಿಗೇ ಇರಬೇಕು, ಆ ದಿನದ ಪೂರ್ತಿ ಬಾಡಿಗೆಯೂ ಅವನಿಗೆ ಸಿಗಬೇಕು. ಮುಂದಿನ ಇಳಿತಕ್ಕೆ ಮೊದಲು ಇಷ್ಟನ್ನು ಬರೆದು, ದಡದ ಊರುಗಳಲ್ಲಿ ಬೋರ್ಡ್ ಹಾಕಿಸುವುದು ಕಷ್ಟದ ಕೆಲಸವೇನೂ ಅಲ್ಲ. ಕ್ಯಾಮೆರಾ ಇರುವ ನಾವೆಲ್ಲ ಸೇರಿ ಅರ್ಜಿ ಬರೆಯೋಣ. ಮೊದಲ ಸಹಿ ನನ್ನದು.